ಬೆಟ್ಟದ ದಾರಿಯಲ್ಲಿ ಮಳೆ ಹಿಡಿದರೆ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮಕ್ಕಳನ್ನು ಕರೆದುಕೊಂಡು ಬೆಟ್ಟ ಹತ್ತುವವರು ದಾರಿಯಲ್ಲಿ ಹವೆ ಕೆಟ್ಟಾಗ ಏನು ಮಾಡಬೇಕೆಂದು ಕೇಳಿ ಬರೆದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಚಾರಣಕ್ಕೆ ದಾರಿ ತೋರಿಸುವವರು ಮತ್ತು ಪ್ರಥಮ ಚಿಕಿತ್ಸೆ ಕಲಿಸುವವರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ಬೆಳಿಗ್ಗೆ ಮೊಬೈಲಿನಲ್ಲಿ ಬಿಸಿಲಿನ ಚಿತ್ರವಿತ್ತು. ನೆತ್ತಿ ತಲುಪುವ ಹೊತ್ತಿಗೆ ಮೋಡ ಕವಿದು, ಅರ್ಧ ಗಂಟೆಯಲ್ಲಿ ಧಾರಾಕಾರ ಮಳೆ. ಮುನ್ಸೂಚನೆ ಇಷ್ಟೊಂದು ತಪ್ಪುತ್ತದೆಯೇ? ಮೊದಲೇ ತಿಳಿಯುವ ಗುರುತುಗಳಿವೆಯೇ?

ಮುನ್ಸೂಚನೆ ತಪ್ಪಿರಲಿಕ್ಕಿಲ್ಲ, ಅದು ಬೇರೆ ಜಾಗದ್ದಾಗಿರಬಹುದು. ಮೊಬೈಲ್ ತೋರಿಸುವುದು ಸಾಮಾನ್ಯವಾಗಿ ಬುಡದಲ್ಲಿರುವ ಊರಿನ ಹವೆ. ಬೆಟ್ಟ ತನ್ನ ಹವೆಯನ್ನು ಭಾಗಶಃ ತಾನೇ ಮಾಡಿಕೊಳ್ಳುತ್ತದೆ. ಬೀಸಿ ಬಂದ ಗಾಳಿ ಇಳಿಜಾರಿಗೆ ತಾಗಿ ಮೇಲೇರುತ್ತದೆ, ಏರಿದಂತೆ ಹಿಗ್ಗಿ ತಣ್ಣಗಾಗುತ್ತದೆ, ಅದರಲ್ಲಿದ್ದ ತೇವ ಮೋಡವಾಗುತ್ತದೆ. ಬಿಸಿಲಿಗೆ ಕಾದ ಬಂಡೆಗಳು ಮಧ್ಯಾಹ್ನದ ಹೊತ್ತಿಗೆ ಈ ಏರಿಕೆಗೆ ಇನ್ನಷ್ಟು ಬಲ ಕೊಡುತ್ತವೆ. ಬೆಳಿಗ್ಗೆ ತಿಳಿಯಾಗಿದ್ದ ನೆತ್ತಿ ಮಧ್ಯಾಹ್ನ ಎರಡಕ್ಕೆ ಮೋಡದೊಳಗೆ ಸೇರಿಹೋಗುವುದು ಹೀಗೆ.

ಎತ್ತರಕ್ಕೆ ಹೋದಂತೆ ಪ್ರತಿ 1000 ಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ತಾಪ ಇಳಿಯುತ್ತದೆ. ಕಾರು ನಿಲ್ಲಿಸಿದ ಜಾಗಕ್ಕಿಂತ 900 ಮೀಟರ್ ಮೇಲಿರುವ ನೆತ್ತಿ ಸುಮಾರು 6 ಡಿಗ್ರಿ ತಣ್ಣಗಿರುತ್ತದೆ. ಗಾಳಿಯೂ ಅಲ್ಲಿ ಹೆಚ್ಚು. ತಾಪ 5 ಡಿಗ್ರಿ ಇದ್ದು ಗಾಳಿ ಗಂಟೆಗೆ 30 ಕಿಲೋಮೀಟರ್ ಬೀಸುತ್ತಿದ್ದರೆ ಒಣ ಮೈಗೇ 0 ಡಿಗ್ರಿಯ ಚಳಿ ಹೊಡೆಯುತ್ತದೆ. ಒದ್ದೆ ಮೈಯ ಕಥೆ ಬೇರೆ, ಅದಕ್ಕೆ ಮುಂದೆ ಬರುತ್ತೇವೆ. ಆದ್ದರಿಂದ ಹೊರಡುವ ಮುನ್ನ ದಿನದ ಚಿತ್ರ ನೋಡಿ ಸುಮ್ಮನಾಗಬೇಡಿ. ನೆತ್ತಿಯ ಎತ್ತರಕ್ಕೆ, ಗಂಟೆ ಗಂಟೆಗೆ, ಗಾಳಿಯ ವೇಗ ಎಷ್ಟಿರುತ್ತದೆ ಎಂದು ನೋಡಿ. ಕುಟುಂಬದ ನಡಿಗೆಯನ್ನು ಮಳೆಗಿಂತ ಹೆಚ್ಚಾಗಿ ಕೆಡಿಸುವುದು ಗಾಳಿ.

ಗುರುತುಗಳು ಖಂಡಿತ ಇವೆ. ಹತ್ತಿಯ ಮುದ್ದೆಯಂಥ ಬಿಳಿ ಮೋಡಗಳು ಅಗಲಕ್ಕಿಂತ ಎತ್ತರಕ್ಕೆ ಬೆಳೆಯತೊಡಗಿದರೆ, ಅದೂ ಬೆಳಿಗ್ಗೆ ಹತ್ತು-ಹನ್ನೊಂದಕ್ಕೇ ಶುರುವಾದರೆ, ಮಧ್ಯಾಹ್ನ ಗುಡುಗು ಬರಬಹುದು ಎಂದುಕೊಳ್ಳಿ. ಮೋಡದ ತಲೆ ಹೂಕೋಸಿನಂತೆ ಗಡಸಾಗಿ ಕಾಣುತ್ತಿದ್ದದ್ದು ಚಪ್ಪಟೆಯಾಗಿ, ಕಮ್ಮಾರನ ಅಡಿಗಲ್ಲಿನಂತೆ ಒಂದು ಬದಿಗೆ ಚಾಚಿಕೊಂಡರೆ ಅದು ಆಗಲೇ ಸಿಡಿಲಿನ ಮೋಡ. ಸೆಕೆಯಿದ್ದ ದಾರಿಯಲ್ಲಿ ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಮುಖಕ್ಕೆ ರಾಚಿದರೆ ಮಳೆಗೆ ಕೆಲವೇ ನಿಮಿಷ ಉಳಿದಿದೆ, ಏಕೆಂದರೆ ಆ ಗಾಳಿ ಮಳೆಯ ಜೊತೆ ಮೋಡದಿಂದ ಕೆಳಗೆ ಬಿದ್ದು ಹರಡಿ ಬಂದದ್ದು. ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಗಡಿಯಾರವಿದ್ದರೆ ಅದೂ ಮಾತಾಡುತ್ತದೆ: ಊಟಕ್ಕೆ ಕೂತ ಕಡೆಯೇ ಇದ್ದೀರಿ, ಆದರೆ ಗಡಿಯಾರ ಅರ್ಧ ಗಂಟೆಯಲ್ಲಿ 20-30 ಮೀಟರ್ ಮೇಲೇರಿದಂತೆ ತೋರಿಸುತ್ತಿದೆ ಎಂದರೆ ಒತ್ತಡ ಕುಸಿಯುತ್ತಿದೆ, ಹವೆ ಕೆಡಲಿದೆ. ಸುಮಾರು 8 ಮೀಟರಿಗೆ 1 ಹೆಕ್ಟೊಪಾಸ್ಕಲ್ (ಒತ್ತಡದ ಅಳತೆ) ಲೆಕ್ಕ.

ಪ್ರಶ್ನೆ: ಆರು ಮತ್ತು ಹತ್ತು ವರ್ಷದ ಮಕ್ಕಳಿದ್ದಾರೆ. ದಾರಿಗೆ ಎಷ್ಟು ಸಮಯ ಇಟ್ಟುಕೊಳ್ಳಬೇಕು? ಎಲ್ಲಿಂದ ಹಿಂತಿರುಗಬೇಕೆಂದು ತೀರ್ಮಾನಿಸುವುದು ಹೇಗೆ?

1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಕೊಟ್ಟ ಲೆಕ್ಕ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಸಮದಾರಿಯಲ್ಲಿ ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. 8 ಕಿಲೋಮೀಟರ್ ದೂರ, 600 ಮೀಟರ್ ಏರಿಕೆ ಇದ್ದರೆ 2 ಗಂಟೆ 36 ನಿಮಿಷ ಆಯಿತು. ಇದು ಗಟ್ಟಿಮುಟ್ಟಾದ ವಯಸ್ಕರು ನಿಲ್ಲದೆ ನಡೆದಾಗಿನ ಲೆಕ್ಕ. ಆರು ವರ್ಷದ ಮಗು ಜೊತೆಗಿದ್ದರೆ ಅದಕ್ಕೆ ಅರ್ಧ ಸೇರಿಸಿ, ಸುಮಾರು 4 ಗಂಟೆ. ಕೂತದ್ದು, ತಿಂದದ್ದು, ಕಲ್ಲು ಹೆಕ್ಕಿದ್ದು ಎಲ್ಲ ಬೇರೆ. ಐದು ಗಂಟೆ ಎಂದಿಟ್ಟುಕೊಳ್ಳುವುದು ವಾಸಿ.

ಹಿಂತಿರುಗುವ ಸಮಯವನ್ನು ಮನೆಯಲ್ಲೇ ಗಟ್ಟಿ ಮಾಡಿಕೊಳ್ಳಿ, ಮಕ್ಕಳಿಗೂ ಹೇಳಿಬಿಡಿ: “ಹನ್ನೆರಡೂವರೆಗೆ ಎಲ್ಲಿದ್ದರೂ ಅಲ್ಲಿಂದ ವಾಪಸ್.” ನೆತ್ತಿ ಇನ್ನು ಇಪ್ಪತ್ತೇ ನಿಮಿಷ ಎನ್ನುವಾಗ ಹೊಸದಾಗಿ ಯೋಚಿಸಲು ಕೂತರೆ ಮನಸ್ಸು ಯಾವಾಗಲೂ ಮೇಲಕ್ಕೇ ಎಳೆಯುತ್ತದೆ. ಗಡಿಯಾರದ ಜೊತೆಗೆ ಇನ್ನೂ ಎರಡು ಗೆರೆ ಬೇಕು. ಗುಡುಗು ಕೇಳಿದರೆ ವಾಪಸ್. ಎಲ್ಲರಿಗಿಂತ ಚಿಕ್ಕವರು ನಿಂತು ನಿಂತು ಬರತೊಡಗಿದರೆ ವಾಪಸ್. ಇಳಿಯುವುದು ಬೇಗ ಮುಗಿಯುತ್ತದೆ ಎಂದುಕೊಳ್ಳಬೇಡಿ. ನೆನೆದ ಬಂಡೆ, ಹುಲ್ಲಿನ ಮೇಲೆ ಸಣ್ಣ ಕಾಲುಗಳು ಏರುವಾಗಿನಷ್ಟೇ ಹೊತ್ತು ಹಿಡಿಯುತ್ತವೆ.

ನಿಮ್ಮ ದಾರಿ, ವಾಪಸ್ ಬರುವ ಸಮಯ, ಎಷ್ಟು ಹೊತ್ತಿನವರೆಗೂ ಸುದ್ದಿ ಇಲ್ಲದಿದ್ದರೆ ಸಹಾಯ ಕೇಳಬೇಕು ಎಂಬುದನ್ನು ಕೆಳಗಿರುವ ಒಬ್ಬರಿಗೆ ಬರೆದು ಕೊಡಿ. ವಾಪಸ್ ಬಂದ ಮೇಲೆ ಅವರಿಗೆ ತಿಳಿಸಲು ಮರೆಯಬೇಡಿ.

ಪ್ರಶ್ನೆ: ಮಳೆಯಲ್ಲಿ ಎಂಟು ವರ್ಷದ ಮಗಳು ತೊಯ್ದು ತೊಪ್ಪೆಯಾದಳು. ಹತ್ತಿಯ ಅಂಗಿ, ಜೀನ್ಸ್ ಹಾಕಿದ್ದಳು. ಮೊದಲು ಅತ್ತಳು, ಹಟ ಮಾಡಿದಳು, ಆಮೇಲೆ ತೀರಾ ಸುಮ್ಮನಾಗಿ ಎಡವತೊಡಗಿದಳು. ನಿಂತರೆ ಇನ್ನೂ ಚಳಿಯಾಗುತ್ತದೆ ಎಂದು ಒಂದೂವರೆ ಗಂಟೆ ನಡೆಸಿಕೊಂಡೇ ಬಂದೆವು. ಏನೂ ಆಗಲಿಲ್ಲ, ಆದರೆ ನಾವು ಮಾಡಿದ್ದು ಸರಿಯೇ?

ಮಗು ಕ್ಷೇಮವಾಗಿರುವುದು ದೊಡ್ಡ ಸಂಗತಿ. ಆದರೆ ನೀವು ಬರೆದದ್ದು ದೇಹದ ತಾಪ ಇಳಿಯುವ ಹೈಪೋಥರ್ಮಿಯಾದ ಮೊದಲ ಹಂತದ ಲಕ್ಷಣ. ಮುಂದಿನ ಸಲ ಅಲ್ಲಿ ನಿಲ್ಲಲೇಬೇಕು.

ದೇಹದ ಒಳಗಿನ ತಾಪ ಸುಮಾರು 37 ಡಿಗ್ರಿ ಇರುತ್ತದೆ. ಅದು 35ಕ್ಕಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಇದಕ್ಕೆ ಹಿಮ ಬೀಳಬೇಕೆಂದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ, ಮೇಲೆ ಬೀಸುವ ಗಾಳಿ ಒದ್ದೆ ಬಟ್ಟೆಯ ನೀರನ್ನು ಆರಿಸುತ್ತಾ ಇನ್ನಷ್ಟು ಶಾಖ ಕಸಿಯುತ್ತದೆ. 1964ರ ಮಾರ್ಚಿನಲ್ಲಿ ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ನಡೆದ ‘ಫೋರ್ ಇನ್ಸ್’ ಎಂಬ ದೂರದ ನಡಿಗೆಯಲ್ಲಿ ಮಳೆಗಾಳಿಗೆ ಸಿಕ್ಕಿ ಮೂವರು ಯುವಕರು ಹೀಗೇ ತೀರಿಕೊಂಡರು. 1953ರ ಎವರೆಸ್ಟ್ ತಂಡದಲ್ಲಿದ್ದ ಶರೀರವಿಜ್ಞಾನಿ ಗ್ರಿಫಿತ್ ಪ್ಯೂ ಆ ಘಟನೆಯ ಬಟ್ಟೆಬರೆಗಳನ್ನು ಪರೀಕ್ಷಿಸಿದರು: ನೆನೆದ ಬಟ್ಟೆಗೆ ಗಾಳಿ ಹೊಡೆದರೆ ಅದು ಮೈ ಬೆಚ್ಚಗಿಡುವ ಗುಣವನ್ನು ಬಹುಪಾಲು ಕಳೆದುಕೊಳ್ಳುತ್ತದೆ ಎಂಬುದು ಅವರಿಗೆ ಕಂಡದ್ದು. ತೀರಿಕೊಂಡವರು ಗಟ್ಟಿ ಯುವಕರು. ಮಗುವಿನ ದೇಹದಲ್ಲಿ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ. ಅದೇ ಮಳೆಯಲ್ಲಿ ನಿಮಗಿಂತ ಮೊದಲೇ ಅದು ತಣ್ಣಗಾಗುತ್ತದೆ. ನಿಮಗೆ ಇನ್ನೂ ಚಳಿ ಹತ್ತಿಲ್ಲ ಎಂಬುದು ಮಗುವಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಗುರುತಿಸುವುದು ಹೀಗೆ. ಮೊದಲು ಸಿಡುಕು, ಹಟ. ಆಮೇಲೆ ಬೆರಳು ಮಾತು ಕೇಳುವುದಿಲ್ಲ, ಜಿಪ್ ಎಳೆಯಲು ಬರುವುದಿಲ್ಲ. ಎಡವುತ್ತಾರೆ. ಮಾತು ತೊದಲುತ್ತದೆ. ಸಂಶಯ ಬಂದರೆ ಹೆಬ್ಬೆರಳಿನ ತುದಿಯನ್ನು ಕಿರುಬೆರಳಿಗೆ ಮುಟ್ಟಿಸಲು ಹೇಳಿ, ಇಪ್ಪತ್ತರಿಂದ ಹಿಂದಕ್ಕೆ ಎಣಿಸಲು ಹೇಳಿ. ಗಡಗಡ ನಡುಗುತ್ತಿರುವ ಮಗುವಿನ ದೇಹ ಇನ್ನೂ ಹೋರಾಡುತ್ತಿದೆ. ಮೈ ತಣ್ಣಗೇ ಇದ್ದು ನಡುಕ ನಿಂತು ಮಗು ಸುಮ್ಮನಾದರೆ ಚೇತರಿಸಿಕೊಂಡಿತು ಎಂದು ಅನೇಕ ತಂದೆತಾಯಿ ನೆಮ್ಮದಿಪಡುತ್ತಾರೆ. ಅದು ನೆಮ್ಮದಿಯ ಹೊತ್ತಲ್ಲ, ದೇಹ ನಡುಗುವ ಶಕ್ತಿಯನ್ನೂ ಕಳೆದುಕೊಂಡ ಹೊತ್ತು.

ನಡೆದರೆ ಶಾಖ ಹುಟ್ಟುತ್ತದೆ ಎಂಬ ನಿಮ್ಮ ಯೋಚನೆಯಲ್ಲಿ ಅರ್ಧ ನಿಜವಿದೆ. ಹೊಟ್ಟೆಯಲ್ಲಿ ಅನ್ನವಿದ್ದು ಕಾಲಲ್ಲಿ ಬಲವಿದ್ದರೆ ಹೌದು. ದಣಿದು ಹಸಿದ ಮಗುವಿನಲ್ಲಿ ಉರಿಯಲು ಸೌದೆಯೇ ಉಳಿದಿರುವುದಿಲ್ಲ. ನಡೆಸಿದಷ್ಟೂ ಉಳಿದದ್ದು ಖರ್ಚಾಗುತ್ತದೆ. ಎಡವುವುದು ಕಂಡ ಕೂಡಲೇ ಹತ್ತು ನಿಮಿಷದ ಒಳಗೆ ಗಾಳಿಗೆ ಮರೆಯಾದ ಜಾಗ ಹುಡುಕಿ: ದೊಡ್ಡ ಬಂಡೆಯ ಹಿಂಬದಿ, ಕಲ್ಲಿನ ಗೋಡೆ, ದಾರಿಯಿಂದ ಸ್ವಲ್ಪ ಕೆಳಗಿನ ತಗ್ಗು. ಗಾಳಿ ಬೀಸದ ಬದಿಯಲ್ಲಿ ಇಪ್ಪತ್ತು ಹೆಜ್ಜೆ ಇಳಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಮಗುವನ್ನು ನೆಲಕ್ಕೆ ಕೂರಿಸಬೇಡಿ, ಬ್ಯಾಗಿನ ಮೇಲೆ ಕೂರಿಸಿ. ಒದ್ದೆ ನೆಲವೂ ಮೈಯ ಶಾಖ ಹೀರುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆಯನ್ನೋ ರೇನ್‌ಕೋಟನ್ನೋ ಗುಡಾರದಂತೆ ಹಿಡಿದುಕೊಂಡು ಅದರೊಳಗೆ ಬಟ್ಟೆ ಬದಲಿಸಿ. ಮೊದಲು ಎದೆ, ಬೆನ್ನಿನ ಒದ್ದೆ ಅಂಗಿ ತೆಗೆದು ಒಣ ಉಣ್ಣೆಯದನ್ನೋ ಫ್ಲೀಸ್ ಬಟ್ಟೆಯನ್ನೋ ಹಾಕಿ, ಆಮೇಲೆ ತಲೆಗೆ ಟೋಪಿ, ಮತ್ತೆ ಮೇಲೆ ಜಾಕೆಟ್. ಪ್ಯಾಂಟು ಆಮೇಲಾಯಿತು. ಕಾಲ್ಚೀಲ ಬದಲಿಸಿ ಅದರ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಸುತ್ತಿ ಒದ್ದೆ ಶೂಗೆ ಕಾಲು ತೂರಿಸಿದರೆ ಒಣಗಿದ್ದು ಒಣಗೇ ಉಳಿಯುತ್ತದೆ. ಒಣ ಬಟ್ಟೆ ಇಲ್ಲವೇ ಇಲ್ಲ ಎಂದಾದರೆ, ಗಾಳಿಯಲ್ಲಿ ಮೈ ಬರಿದು ಮಾಡಬೇಡಿ. ಒದ್ದೆ ಬಟ್ಟೆಯ ಮೇಲೆಯೇ ದೊಡ್ಡ ಪ್ಲಾಸ್ಟಿಕ್ ಚೀಲವನ್ನು ಕುತ್ತಿಗೆಯವರೆಗೆ ಸುತ್ತಿ, ಅದರ ಮೇಲೆ ನಿಮ್ಮ ಜಾಕೆಟ್ ಹಾಕಿ. ಮುಖ ಯಾವಾಗಲೂ ತೆರೆದಿರಲಿ. ಇಬ್ಬರು ದೊಡ್ಡವರ ನಡುವೆ ಮಗುವನ್ನು ಒತ್ತಿ ಕೂರಿಸಿಕೊಂಡು ಎಲ್ಲರ ಮೇಲೂ ಒಂದೇ ಹೊದಿಕೆ ಎಳೆದುಕೊಳ್ಳಿ.

ಎಚ್ಚರವಿದ್ದು, ಲೋಟವನ್ನು ತಾನೇ ಹಿಡಿದು ನುಂಗಬಲ್ಲ ಮಗುವಿಗೆ ಸಿಹಿಯಾದ ಬೆಚ್ಚನೆಯ ಪಾನೀಯ, ಸಿಹಿ ತಿಂಡಿ ಕೊಡಿ. ಬೆಚ್ಚಗಿರುವುದಕ್ಕಿಂತ ಸಿಹಿಯಾಗಿರುವುದು ಮುಖ್ಯ. ನಡುಗಲು ಬೇಕಾದ ಇಂಧನ ಅದು. ಕೈಕಾಲು ತಿಕ್ಕಬೇಡಿ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ, ಕಂಕುಳಿಗೆ ಇಡಿ, ಬರಿ ಚರ್ಮಕ್ಕೆ ತಾಗಿಸಬೇಡಿ. ದೊಡ್ಡವರಿಗೂ ಮದ್ಯ ಕೂಡದು, ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಬಿಟ್ಟುಕೊಡುತ್ತದೆ.

ಅರ್ಧ ಗಂಟೆ ಹೀಗೆ ಕಾಯಿರಿ. ಮಾತು ಸರಿಯಾಗಿ, ಎದ್ದು ನಿಲ್ಲಲು ಬಂದರೆ ನಿಧಾನವಾಗಿ ಕೆಳಕ್ಕೆ ನಡೆಸಿ. ನಡುಕ ನಿಂತಿದೆ, ಮಂಪರು ಇದೆ, ಕೇಳಿದ್ದಕ್ಕೆ ಉತ್ತರ ತಪ್ಪುತ್ತಿದೆ ಎಂದರೆ ನಡೆಸಲೇಬೇಡಿ. ಅಡ್ಡ ಮಲಗಿಸಿ, ಅಲುಗಾಡಿಸದೆ, ಸುತ್ತಿಟ್ಟು ಸಹಾಯಕ್ಕೆ ಕರೆ ಮಾಡಿ. ಈ ಹಂತದಲ್ಲಿ ಒರಟಾಗಿ ಎತ್ತಿ ಕುಳ್ಳಿರಿಸಿದರೂ ಹೃದಯದ ಬಡಿತ ತಾಳ ತಪ್ಪಬಹುದು.

ಇಷ್ಟೆಲ್ಲ ಆಗದಂತೆ ತಡೆಯುವ ಹೊತ್ತು ಯಾವುದೆಂದರೆ ಮೊದಲ ಹನಿ ಬೀಳುವುದಕ್ಕೂ ಐದು ನಿಮಿಷ ಮೊದಲು. ಜಾಕೆಟ್ ಒಣ ಮೈಮೇಲೆ ಹಾಕಿದರೆ ಕಾಪಾಡುತ್ತದೆ, ನೆನೆದ ಮೇಲೆ ಹಾಕಿದರೆ ಅರ್ಧವೇ ಉಪಯೋಗ. “ನೋಡೋಣ, ಜೋರಾದರೆ ಹಾಕಿದರಾಯಿತು” ಎಂದು ನಡೆದ ಆ ಐದು ನಿಮಿಷದಲ್ಲೇ ಮಕ್ಕಳು ನೆನೆಯುವುದು. ಹಾಕುವಾಗ ಕ್ಯಾಪಿನ ದಾರವನ್ನು ಬಿಗಿ ಮಾಡಿ, ಮಣಿಕಟ್ಟಿನ ಪಟ್ಟಿ ಒತ್ತಿ, ಪ್ಯಾಂಟಿನ ಮೇಲೆ ಜಾಕೆಟ್ ಬರುವಂತೆ ಎಳೆಯಿರಿ; ಕುತ್ತಿಗೆ ಮತ್ತು ತೋಳಿನಿಂದ ಒಳಕ್ಕೆ ಹರಿದ ನೀರು ಎಂಥ ದುಬಾರಿ ಜಾಕೆಟನ್ನೂ ವ್ಯರ್ಥ ಮಾಡುತ್ತದೆ. ಜೀನ್ಸ್ ಬೆಟ್ಟಕ್ಕೆ ಬೇಡವೇ ಬೇಡ. ಹತ್ತಿ ನೀರು ಹೀರಿ ಮೈಗೆ ಅಂಟಿಕೊಳ್ಳುತ್ತದೆ, ಗಂಟೆಗಟ್ಟಲೆ ಒಣಗುವುದಿಲ್ಲ. ಪಾಲಿಯೆಸ್ಟರಿನ ಎಳೆ ನೀರನ್ನು ಹೀರುವುದೇ ಇಲ್ಲ ಎನ್ನುವಷ್ಟು ಕಡಿಮೆ, ಹಿಂಡಿ ಕೊಡವಿದರೆ ಮತ್ತೆ ಹಾಕಿಕೊಳ್ಳಬಹುದು. ಉಣ್ಣೆ ನೀರು ಹೀರಿದರೂ ಅದರ ಸುರುಳಿ ಎಳೆಗಳ ನಡುವೆ ಗಾಳಿ ಉಳಿದಿರುತ್ತದೆ.

ಪ್ರಶ್ನೆ: ಹತ್ತು ತಿಂಗಳ ಕೂಸನ್ನು ಬೆನ್ನಿನ ಚೀಲದಲ್ಲಿ ಹೊತ್ತು ಹೋಗುತ್ತೇವೆ. ಮಳೆ ಬಂದರೆ ಮೇಲೊಂದು ಹೊದಿಕೆ ಹಾಕಿದರೆ ಸಾಕೇ?

ಸಾಲದು. ಹೊತ್ತವರಿಗೆ ಬೆವರು ಸುರಿಯುತ್ತಿರುತ್ತದೆ, ಕೂಸು ಮಾತ್ರ ಅಲ್ಲಾಡದೆ ಕೂತಿರುತ್ತದೆ. ಅದಕ್ಕೆ ಶಾಖ ಹುಟ್ಟುವ ದಾರಿಯೇ ಇಲ್ಲ. ಪಟ್ಟಿ ತೊಡೆಯ ಸಂದನ್ನು ಒತ್ತಿ ಜೋತುಬಿದ್ದ ಕಾಲುಗಳಿಗೆ ರಕ್ತ ಸರಿಯಾಗಿ ಹರಿಯದಿರಬಹುದು, ಪಾದ ಮೊದಲು ತಣ್ಣಗಾಗುವುದು ಇದಕ್ಕೇ. ಇಪ್ಪತ್ತು ನಿಮಿಷಕ್ಕೊಮ್ಮೆ ಇನ್ನೊಬ್ಬರು ಕೂಸಿನ ಕತ್ತಿನ ಹಿಂಭಾಗ, ಬೆನ್ನಿನ ಮೇಲ್ಭಾಗ ಮುಟ್ಟಿ ನೋಡಲಿ. ಅಂಗೈ ತಣ್ಣಗಿರುವುದು ಸಹಜ, ಕತ್ತು ತಣ್ಣಗಿದ್ದರೆ ಸಹಜವಲ್ಲ. ತೀರಾ ನಿದ್ದೆಗಣ್ಣಾಗಿ ಎಬ್ಬಿಸಿದರೂ ಏಳದಿದ್ದರೆ ತುರ್ತು ಎಂದೇ ತಿಳಿಯಿರಿ. ಹವೆ ಕೆಟ್ಟಾಗ ಕೂಸನ್ನು ಚೀಲದಿಂದ ತೆಗೆದು ನಿಮ್ಮ ಎದೆಗೆ, ಜಾಕೆಟಿನ ಒಳಗೆ, ಮುಖ ಹೊರಗೆ ಕಾಣುವಂತೆ ಕಟ್ಟಿಕೊಳ್ಳುವುದು ಒಳ್ಳೆಯದು. ಬೆನ್ನಿನ ಚೀಲ ಎತ್ತರವಾದ್ದರಿಂದ ಜಾರುವ ಇಳಿಜಾರಿನಲ್ಲಿ, ಗಾಳಿಯಲ್ಲಿ ತೂಕ ತಪ್ಪಿಸುತ್ತದೆ ಎಂಬುದೂ ಕಾರಣ.

ಜೋರು ಗಾಳಿಯ ಮುನ್ಸೂಚನೆ ಇರುವ ದಿನ ಕೂಸನ್ನು ನೆತ್ತಿಗೆ ಒಯ್ಯಲೇಬಾರದು ಎಂಬುದು ನಮ್ಮೆಲ್ಲರ ಅಭಿಪ್ರಾಯ. ಕಣಿವೆಯ ದಾರಿ ಆರಿಸಿಕೊಳ್ಳಿ.

ಪ್ರಶ್ನೆ: ಬಯಲಾದ ಬೆಟ್ಟದ ಏಣಿನ (ಉದ್ದಕ್ಕೆ ಚಾಚಿದ ನೆತ್ತಿಯ) ಮೇಲಿದ್ದಾಗ ಗುಡುಗು ಶುರುವಾದರೆ? ಮರದ ಕೆಳಗೆ ನಿಲ್ಲಬಾರದು ಎಂದು ಗೊತ್ತು. ಎಲ್ಲಿ ನಿಲ್ಲಬೇಕು ಎಂದು ಯಾರೂ ಹೇಳುವುದಿಲ್ಲ.

ನಿಲ್ಲಬೇಡಿ, ಇಳಿಯಿರಿ. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ನಿಮ್ಮನ್ನು ತಲುಪುವಷ್ಟು ಹತ್ತಿರವಿದೆ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿ 3ರಿಂದ ಭಾಗಿಸಿದರೆ ಕಿಲೋಮೀಟರ್ ಸಿಗುತ್ತದೆ. 30 ಸೆಕೆಂಡ್ ಎಂದರೆ 10 ಕಿಲೋಮೀಟರ್, ಅಷ್ಟರಲ್ಲೇ ಏಣು ಬಿಟ್ಟಿರಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೆ ಮತ್ತೆ ಮೇಲೇರಬೇಡಿ.

ನಿಜವಾಗಿ ಸುರಕ್ಷಿತವಾದದ್ದು ಎರಡೇ: ಗಟ್ಟಿ ಕಟ್ಟಡ, ಇಲ್ಲವೇ ಕಿಟಕಿ ಮುಚ್ಚಿದ ಲೋಹದ ಮೈಯ ಕಾರು. ಮೇಲುಗಡೆ ಇದ್ದಾಗ ಎರಡೂ ಇರುವುದಿಲ್ಲ, ಹಾಗಾಗಿ ಅಪಾಯ ಕಡಿಮೆ ಮಾಡಿಕೊಳ್ಳುವುದಷ್ಟೇ ಸಾಧ್ಯ. ಏಣಿನ ಎರಡೂ ಬದಿ ಇಳಿಜಾರಿದ್ದರೆ ಮೋಡ ಬರುತ್ತಿರುವ ದಿಕ್ಕಿಗೆ ವಿರುದ್ಧವಾದ, ಸುಲಭವಾದ ಬದಿಗೆ ಇಳಿಯಿರಿ. ಒಂಟಿ ಮರ ಬೇಡ. ಒಂದೇ ಎತ್ತರದ ಗಿಡಗಳು ಒತ್ತಾಗಿ ಬೆಳೆದ ಕಡೆ, ಬುಡಗಳಿಂದ ದೂರ ಕೂರಬಹುದು. ಮಳೆಗೆ ಮರೆಯೆಂದು ಗುಹೆಯ ಬಾಯಲ್ಲಿ, ಚಾಚಿದ ಬಂಡೆಯ ಕೆಳಗೆ ಕೂರುವುದು ದೊಡ್ಡ ತಪ್ಪು. ಬಂಡೆಯ ಮೈಮೇಲೆ ಹರಿದು ಬರುವ ವಿದ್ಯುತ್ತು ಬಾಯಿಯ ಅಂತರವನ್ನು ದಾಟಲು ನಿಮ್ಮ ದೇಹವನ್ನೇ ಸೇತುವೆ ಮಾಡಿಕೊಳ್ಳುತ್ತದೆ. ತೊರೆ, ತಂತಿಬೇಲಿ, ಕಬ್ಬಿಣದ ಏಣಿಯಿಂದಲೂ ದೂರವಿರಿ.

ಸಿಡಿಲಿಗೆ ಸಿಕ್ಕವರಲ್ಲಿ ಹೆಚ್ಚಿನವರಿಗೆ ಅದು ನೇರವಾಗಿ ಬಡಿದಿರುವುದಿಲ್ಲ, ನೆಲದ ಮೂಲಕ ಹರಿದು ಬಂದಿರುತ್ತದೆ. ಆದ್ದರಿಂದ ಎಲ್ಲರೂ ಒಂದೇ ಕಡೆ ಗುಂಪಾಗಬೇಡಿ. ಒಬ್ಬೊಬ್ಬ ದೊಡ್ಡವರ ಜೊತೆ ಒಬ್ಬೊಬ್ಬ ಮಗು, ಜೋಡಿಗಳ ನಡುವೆ ಕನಿಷ್ಠ 15 ಮೀಟರ್. ಮಲಗಬೇಡಿ, ಕಾಲು ಅಗಲಿಸಿ ನಿಲ್ಲಬೇಡಿ. ಕೂದಲು ನಿಮಿರಿದರೆ, ಕೋಲು ಅಥವಾ ಬಂಡೆ ಜೇನಿನಂತೆ ಗುಂಯ್‌ಗುಡುತ್ತಿದ್ದರೆ ಕ್ಷಣದಲ್ಲಿ ಹೊಡೆಯಬಹುದು. ಆಗ ಕೋಲು ಬಿಸಾಕಿ, ಎರಡು ಪಾದ ಜೋಡಿಸಿ, ಬ್ಯಾಗಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಕಿವಿ ಮುಚ್ಚಿಕೊಳ್ಳಿ. ಇದರಿಂದ ಸಿಗುವ ರಕ್ಷಣೆ ಅಲ್ಪ, ಇದನ್ನೇ ನಂಬಿ ಮೇಲೆ ಉಳಿಯಬೇಡಿ.

ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ, ಕೂಡಲೇ ಮುಟ್ಟಬಹುದು. ಹಲವರು ಬಿದ್ದಿದ್ದರೆ ನರಳುತ್ತಿರುವವರನ್ನು ಬಿಟ್ಟು ಉಸಿರಿಲ್ಲದವರ ಹತ್ತಿರ ಮೊದಲು ಹೋಗಿ. ಹೃದಯ ತಾನಾಗಿ ಮತ್ತೆ ಬಡಿಯತೊಡಗಿದರೂ ಉಸಿರು ಮರಳಲು ತಡವಾಗುತ್ತದೆ. ಆ ಅಂತರದಲ್ಲಿ ಎದೆ ಒತ್ತುತ್ತಾ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಬದುಕಿಸಿಕೊಳ್ಳಬಹುದು.

ಪ್ರಶ್ನೆ: ಹೋಗುವಾಗ ಪಾದ ಮುಳುಗುವಷ್ಟಿದ್ದ ತೊರೆ ವಾಪಸ್ ಬರುವಾಗ ಮೊಣಕಾಲಿಗೆ ಬಂದಿತ್ತು. ಕಾರು ಆಚೆ ದಡದಲ್ಲೇ ಕಾಣುತ್ತಿತ್ತು. ದಾಟಬಹುದೇ?

ಮಕ್ಕಳಿದ್ದರೆ ಇಲ್ಲ. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲಿಗೆ ಕೊಡುವ ಒತ್ತು ನಾಲ್ಕು ಪಟ್ಟಾಗುತ್ತದೆ. ರಭಸವಾಗಿ ಹರಿಯುವ 15 ಸೆಂಟಿಮೀಟರ್ ನೀರೇ ದೊಡ್ಡವರನ್ನು ಕೆಡವಬಲ್ಲದು, ನಿಮ್ಮ ಮೊಣಕಾಲಿನ ನೀರು ಆರು ವರ್ಷದ ಮಗುವಿಗೆ ತೊಡೆಯವರೆಗೆ ಬರುತ್ತದೆ. ನೀರು ಕೆಂಪಗೆ ಕದಡಿದೆ, ಕಡ್ಡಿ ಎಲೆ ತೇಲಿ ಬರುತ್ತಿದೆ, ತಳದಲ್ಲಿ ಕಲ್ಲು ಉರುಳುವ ಸದ್ದು ಕೇಳುತ್ತಿದೆ ಎಂದರೆ ಮೇಲಿಂದ ಇನ್ನೂ ಹೆಚ್ಚು ಬರಲಿದೆ. ನೀವಿರುವಲ್ಲಿ ಮಳೆ ನಿಂತಿರುವುದು ಲೆಕ್ಕಕ್ಕಿಲ್ಲ.

ಒಳ್ಳೆಯ ಸುದ್ದಿಯೆಂದರೆ ಬೆಟ್ಟದ ಸಣ್ಣ ತೊರೆಗಳು ಏರಿದಷ್ಟೇ ಬೇಗ ಇಳಿಯುತ್ತವೆ. ದಡದಲ್ಲಿ ನೀರಿನ ಅಂಚಿಗೆ ಒಂದು ಕಲ್ಲಿಟ್ಟು ಹದಿನೈದು ನಿಮಿಷಕ್ಕೊಮ್ಮೆ ನೋಡಿ. ಮಳೆ ನಿಂತ ಕೆಲವು ಗಂಟೆಗಳಲ್ಲಿ ನೀರು ಕಲ್ಲಿನಿಂದ ಹಿಂದೆ ಸರಿದಿರುತ್ತದೆ. ಇಲ್ಲವೇ ಸೇತುವೆಯಿರುವ ಕಡೆಗೆ ಸುತ್ತಿ ಹೋಗಿ, ಎರಡು ಗಂಟೆ ಹೆಚ್ಚಾದರೂ ಸರಿ. ಹಗ್ಗವನ್ನು ಮಗುವಿನ ಸೊಂಟಕ್ಕೆ ಕಟ್ಟಿ ದಾಟಿಸುವ ಯೋಚನೆ ಬೇಡ: ಜಾರಿದರೆ ಹರಿವು ಹಗ್ಗವನ್ನು ಬಿಗಿದು ಮಗುವನ್ನು ನೀರೊಳಗೇ ಒತ್ತಿ ಹಿಡಿಯುತ್ತದೆ.

ಪ್ರಶ್ನೆ: ಮೋಡ ಇಳಿದು ಹತ್ತು ಹೆಜ್ಜೆ ಆಚೆ ಏನೂ ಕಾಣದಾಯಿತು. ಮೊಬೈಲಿನ ನಕ್ಷೆ ನಂಬಿ ನಡೆದೆವು, ಅಷ್ಟರಲ್ಲಿ ಬ್ಯಾಟರಿ ಹೋಯಿತು. ಹೀಗಾದರೆ?

ಮಂಜು ಕವಿಯುತ್ತಿದ್ದಂತೆ ಮೊದಲ ಕೆಲಸ ಎಲ್ಲರನ್ನೂ ಕರೆದು ಎಣಿಸುವುದು. ದಾರಿ ಬಲ್ಲ ದೊಡ್ಡವರು ಮುಂದೆ, ಇನ್ನೊಬ್ಬ ದೊಡ್ಡವರು ಎಲ್ಲರ ಹಿಂದೆ, ಮಕ್ಕಳು ನಡುವೆ, ಮುಂದಿನವರ ಬ್ಯಾಗ್ ಕಾಣುವಷ್ಟು ಹತ್ತಿರ. ಪ್ರತಿ ಮಗುವಿನ ಕೊರಳಿಗೆ ಒಂದು ಸೀಟಿ ಇರಲಿ. ಯಾರೂ ಕಾಣದಿದ್ದರೆ ಹುಡುಕಿಕೊಂಡು ಓಡಬಾರದು, ನಿಂತಲ್ಲೇ ನಿಂತು ಸೀಟಿ ಊದಬೇಕು ಎಂದು ಹೊರಡುವ ಮೊದಲೇ ಆಟದಂತೆ ಅಭ್ಯಾಸ ಮಾಡಿಸಿ.

ಕೊನೆಯ ಸಲ ಎಲ್ಲಿದ್ದೀರಿ ಎಂದು ಖಚಿತವಾಗಿ ಗೊತ್ತಿತ್ತೋ ಅಲ್ಲಿಗೆ ಹಿಂತಿರುಗುವುದು ಮುಂದೆ ಹೋಗುವುದಕ್ಕಿಂತ ಮೇಲು. ದಿಕ್ಸೂಚಿಯಲ್ಲಿ ಬಂದ ದಿಕ್ಕಿನ ಅಂಕಿಗೆ 180 ಸೇರಿಸಿದರೆ, 360 ಮೀರಿದರೆ 360 ಕಳೆದರೆ, ವಾಪಸ್ ದಿಕ್ಕು ಸಿಗುತ್ತದೆ. ದಾರಿ ತಪ್ಪಿದಾಗ ತೊರೆಯ ಜಾಡು ಹಿಡಿದು ಇಳಿದರೆ ಊರು ಸಿಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ತೊರೆ ನೀರಿಗೆ ಸುಲಭವಾದ ದಾರಿಯಲ್ಲಿ ಹೋಗುತ್ತದೆ, ಅಂದರೆ ಕೊರಕಲಿನಲ್ಲಿ, ಜಲಪಾತದಲ್ಲಿ.

ಮೊಬೈಲಿನ ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು ಅಷ್ಟೆ. ಏರೋಪ್ಲೇನ್ ಮೋಡ್‌ನಲ್ಲಿಟ್ಟರೆ ಸಿಗ್ನಲ್ ಹುಡುಕುವ ಖರ್ಚು ಉಳಿಯುತ್ತದೆ. ಚಳಿಗೆ ಬ್ಯಾಟರಿ ಬೇಗ ಕುಸಿಯುವುದರಿಂದ ಮೊಬೈಲನ್ನು ಒಳಜೇಬಿನಲ್ಲಿ ಮೈಗೆ ತಾಗಿ ಇಟ್ಟುಕೊಳ್ಳಿ. ಒದ್ದೆ ಪರದೆ ಬೆರಳಿನ ಮಾತು ಕೇಳುವುದಿಲ್ಲ, ಒರೆಸಲು ಒಂದು ಒಣ ಬಟ್ಟೆ ಪ್ಲಾಸ್ಟಿಕ್ಕಿನಲ್ಲಿರಲಿ. ಇಷ್ಟಿದ್ದೂ ಕಾಗದದ ನಕ್ಷೆ ಮತ್ತು ದಿಕ್ಸೂಚಿ ಬೇಕೇ ಬೇಕು.

ಪ್ರಶ್ನೆ: ಸಹಾಯ ಕರೆಯುವುದು ಹೇಗೆ? ಬೆಳ್ಳಿ ಬಣ್ಣದ ತೆಳು ಹಾಳೆಯನ್ನು ಬ್ಯಾಗಿನಲ್ಲಿ ಇಟ್ಟಿರುತ್ತೇವೆ, ಅದು ಸಾಕೇ?

112 ಭಾರತದಲ್ಲೂ ಯುರೋಪಿನ ದೇಶಗಳಲ್ಲೂ ನಡೆಯುತ್ತದೆ. ಬೇರೆಡೆಗೆ ಹೋಗುವುದಾದರೆ ಅಲ್ಲಿನ ತುರ್ತು ಸಂಖ್ಯೆ ಬರೆದಿಟ್ಟುಕೊಳ್ಳಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ತುರ್ತು ಕರೆ ಬೇರೆ ಕಂಪನಿಯ ಟವರಿನಿಂದ ಹೋಗಬಹುದು, ಹಾಗಾಗಿ ಪ್ರಯತ್ನಿಸದೆ ಬಿಡಬೇಡಿ. ಮೊದಲು ಜಾಗ ಹೇಳಿ, ಜಿಪಿಎಸ್‌ನ ಅಂಕಿಗಳ ಸಮೇತ. ಕರೆ ಕಡಿದುಹೋದರೂ ಅಷ್ಟು ತಲುಪಿರುತ್ತದೆ. ಆಮೇಲೆ ಎಷ್ಟು ಜನ, ಮಕ್ಕಳ ವಯಸ್ಸು, ಏನಾಗಿದೆ, ಅಲ್ಲಿ ಹವೆ ಹೇಗಿದೆ. ಕರೆ ಮಾಡಿದ ಮೇಲೆ ಜಾಗ ಬಿಟ್ಟು ಕದಲಬೇಡಿ.

ಕರೆ ಹೋಗದಿದ್ದರೆ ಸೀಟಿ ಅಥವಾ ಟಾರ್ಚ್: ಒಂದು ನಿಮಿಷದಲ್ಲಿ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು. ಕೇಳಿಸಿಕೊಂಡವರ ಉತ್ತರ ನಿಮಿಷಕ್ಕೆ ಮೂರು. 1894ರಿಂದ ಆಲ್ಪ್ಸ್ ಪರ್ವತಗಳಲ್ಲಿ ಬಳಕೆಗೆ ಬಂದ ಸಂಕೇತ ಇದು. ಉತ್ತರ ಅಮೆರಿಕದಲ್ಲಿ ಮಾತ್ರ ಮೂರರ ಸಂಕೇತವೇ ಆಪತ್ತಿನ ಕರೆ. ಉತ್ತರ ಬಂದಿತೆಂದು ನಿಲ್ಲಿಸಬೇಡಿ, ಅವರು ಕಣ್ಣಿಗೆ ಕಾಣುವವರೆಗೆ ಊದುತ್ತಿರಿ. ಹೆಲಿಕಾಪ್ಟರ್ ಬಂದರೆ ಎರಡೂ ಕೈ ಮೇಲೆತ್ತಿ ಅಗಲಿಸಿದರೆ ಸಹಾಯ ಬೇಕು ಎಂದರ್ಥ.

ಬೆಳ್ಳಿ ಹಾಳೆ ತಾನಾಗಿ ಬಿಸಿ ಕೊಡುವುದಿಲ್ಲ. ಮೈಯಿಂದ ಹೊರಡುವ ಶಾಖವನ್ನು ಹಿಂದಕ್ಕೆ ಕಳಿಸುತ್ತದೆ, ಅದೂ ಗಾಳಿ ಒಳನುಗ್ಗದಂತೆ ಸುತ್ತಿದ್ದರೆ ಮಾತ್ರ. ಬೆಟ್ಟದ ಗಾಳಿಗೆ ಅದು ಪಟಪಟ ಹೊಡೆದುಕೊಂಡು ಹರಿಯುತ್ತದೆ. ಅದರ ಬದಲು ಇಬ್ಬರು ಹಿಡಿಸುವಷ್ಟು ದೊಡ್ಡದಾದ, ದಪ್ಪ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಿ, ದೂರದಿಂದ ಕಾಣುತ್ತದೆ ಕೂಡ. ಇನ್ನೂ ಒಳ್ಳೆಯದು ಎಲ್ಲರೂ ತಲೆಯ ಮೇಲೆ ಎಳೆದುಕೊಂಡು ಅಂಚಿನ ಮೇಲೆ ಕೂರುವ, ಕಂಬವಿಲ್ಲದ ಗುಂಪಿನ ಗುಡಾರ. ನಾಲ್ಕು ಜನರದ್ದು ಅರ್ಧ ಕಿಲೋ ಆಸುಪಾಸು ತೂಗುತ್ತದೆ. ಒಳಗೆ ಕೂತ ಕೆಲವೇ ನಿಮಿಷಗಳಲ್ಲಿ ಉಸಿರಿನ ಬಿಸಿಗೆ ಬೆಚ್ಚಗಾಗುತ್ತದೆ, ಗಾಳಿಯ ಸದ್ದು ತಗ್ಗಿ ಮಕ್ಕಳ ಭಯವೂ ತಗ್ಗುತ್ತದೆ. ಗಾಳಿಯಾಡಲು ಇರುವ ಕಿಂಡಿಯನ್ನು ಮುಚ್ಚಬೇಡಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಕೊಂಡ ರೇನ್‌ಕೋಟ್ ಈಗ ಒಳಗೆ ಒದ್ದೆಯಾಗುತ್ತದೆ. ಹೊಸದು ಕೊಳ್ಳಬೇಕೇ?

ಮೊದಲು ಹೊಲಿಗೆಯ ಒಳಬದಿಗೆ ಅಂಟಿಸಿದ ಪಟ್ಟಿ ನೋಡಿ. ಅದು ಸುಲಿದು ಏಳುತ್ತಿದ್ದರೆ ಅಲ್ಲಿಂದಲೇ ನೀರು ಬರುತ್ತಿದೆ. ಭುಜದ ಮೇಲೆ, ಬ್ಯಾಗಿನ ಪಟ್ಟಿ ಉಜ್ಜುವ ಕಡೆ ಒಳಪದರ ಪುಡಿಪುಡಿಯಾಗಿ ಉದುರುತ್ತಿದ್ದರೆ ಆ ಕೋಟಿನ ಆಯಸ್ಸು ಮುಗಿಯಿತು. ಇವೆರಡೂ ಸರಿಯಿದ್ದರೆ ಹೊರಮೈಯ ನೀರು ಜಾರಿಸುವ ಲೇಪ ಸವೆದಿರುತ್ತದೆ. ಆಗ ಹೊರಬಟ್ಟೆ ನೀರು ಹೀರಿ ತಣ್ಣಗಾಗುತ್ತದೆ, ಒಳಗಿನ ಬೆವರಿನ ಆವಿ ಹೊರಹೋಗಲಾರದೆ ಅಲ್ಲೇ ನೀರಾಗುತ್ತದೆ, ಸೋರುತ್ತಿದೆ ಎಂದು ನಾವು ಭಾವಿಸುತ್ತೇವೆ.

ಸಾಮಾನ್ಯ ಡಿಟರ್ಜೆಂಟ್ ಮತ್ತು ಬಟ್ಟೆ ಮೃದುಗೊಳಿಸುವ ದ್ರಾವಣ ಈ ಲೇಪದ ಶತ್ರುಗಳು. ಬಟ್ಟೆಯಲ್ಲಿ ಉಳಿದ ಅವುಗಳ ಅಂಶವೇ ನೀರನ್ನು ಎಳೆದುಕೊಳ್ಳುತ್ತದೆ. ಮಳೆ ಬಟ್ಟೆಗೆಂದೇ ಇರುವ ಸೋಪಿನಲ್ಲಿ ಒಗೆದು, ಎರಡು ಸಲ ಬರಿನೀರಿನಲ್ಲಿ ಜಾಲಿಸಿ. ಕೋಟಿನ ಚೀಟಿ ಒಪ್ಪಿದರೆ ಒಣಗಿದ ಮೇಲೆ ಮೇಲೊಂದು ತೆಳು ಬಟ್ಟೆ ಹಾಸಿ ಕಡಿಮೆ ಶಾಖದಲ್ಲಿ ಇಸ್ತ್ರಿ ಮಾಡಿ, ಶಾಖಕ್ಕೆ ಹಳೆಯ ಲೇಪ ಮತ್ತೆ ಚೇತರಿಸಿಕೊಳ್ಳುತ್ತದೆ. ಆಮೇಲೆ ತೋಳಿನ ಮೇಲೆ ಒಂದು ಚಮಚ ನೀರು ಸುರಿಯಿರಿ. ಮಣಿಯಾಗಿ ಉರುಳಿಹೋದರೆ ಕೋಟು ಇನ್ನೊಂದು ಮಳೆಗಾಲ ಬರುತ್ತದೆ. ಬಟ್ಟೆ ಕಪ್ಪಾಗಿ ಹೀರಿಕೊಂಡರೆ ಸಿಂಪಡಿಸುವ ಹೊಸ ಲೇಪ ಹಚ್ಚಿ, ಮುಖ್ಯವಾಗಿ ಭುಜ ಮತ್ತು ಮುಂಗೈಗೆ.